ಹಳೇ ಮನೆ ಹೋಟೆಲ್ ಆದ್ರೆ ತಪ್ಪೇನು?

ಹಳ್ಳಿಯ ಹಳೇ ಬಂಗಲೆಯೊಂದು ಐಷಾರಾಮಿ ಹೋಟೆಲ್ ಆಯ್ತು ಅಂದ ಕೂಡಲೇ ನಮ್ಮಲ್ಲಿ ಎರಡು ಥರದ ಮಾತು ಕೇಳಿಬರುತ್ತೆ. "ಸೂಪರ್, ಫೋಟೋ ಚೆನ್ನಾಗಿ ಬರುತ್ತೆ" ಅನ್ನೋದು ಒಂದು. "ಪರಂಪರೇನ ಮಾರ್ಕೊಂಡ್ರು" ಅನ್ನೋದು ಇನ್ನೊಂದು. ತಮಿಳುನಾಡಿನ ಚೆಟ್ಟಿನಾಡಿನ ಕಥೆ ತಿಳಿದರೆ ಎರಡೂ ಸಾಲದು ಅನಿಸುತ್ತೆ.

ಶಿವಗಂಗೈ, ಪುದುಕ್ಕೋಟ್ಟೈ ಜಿಲ್ಲೆಗಳ 70ಕ್ಕೂ ಹೆಚ್ಚು ಊರುಗಳಲ್ಲಿ ನಾಟ್ಟುಕೋಟ್ಟೈ ಚೆಟ್ಟಿಯಾರರ ದೊಡ್ಡ ದೊಡ್ಡ ಮನೆಗಳಿವೆ. ಬರ್ಮಾ, ಸಿಲೋನ್, ಮಲಯಗಳಲ್ಲಿ ಲೇವಾದೇವಿ ಮಾಡಿ ಗಳಿಸಿದ್ದನ್ನ ಅವರು ಸ್ವಂತ ಊರಿನ ಮನೆಗೆ ಸುರಿದರು. ತೇಗ ಬರ್ಮಾದಿಂದ ಬಂತು, ಅಮೃತಶಿಲೆ ಇಟಲಿಯಿಂದ. ಎರಡನೇ ಮಹಾಯುದ್ಧದ ಹೊತ್ತಿಗೆ ಬರ್ಮಾದ ವ್ಯವಹಾರ ಕುಸಿಯಿತು, ಕುಟುಂಬಗಳು ಚದುರಿದವು. ಮನೆ ಉಳಿಯಿತು, ಆದರೆ ಒಂದೊಂದಕ್ಕೂ ಹತ್ತಾರು ವಾರಸುದಾರರು. ಮಾಡು ಸೋರಿದರೆ ದುಡ್ಡು ಹಾಕೋರು ಯಾರು? ಕೊನೆಗೆ ಎಷ್ಟೋ ಮನೆಗಳ ಕಂಬ, ಬಾಗಿಲು, ಕನ್ನಡಿ ಬಿಡಿಬಿಡಿಯಾಗಿ ಕಾರೈಕುಡಿಯ ಹಳೇ ಸಾಮಾನಿನ ಅಂಗಡಿ ಸೇರಿದವು.

ಹೋಟೆಲನ್ನ ನೋಡಬೇಕಾದ್ದು ಇದರ ಪಕ್ಕದಲ್ಲಿಟ್ಟು. ಕಾನಾಡುಕಾತ್ತಾನ್‌ನ 'ವಿಶಾಲಂ' ತಂದೆಯೊಬ್ಬರು ಮಗಳಿಗಾಗಿ 1930ರ ದಶಕದಲ್ಲಿ ಕಟ್ಟಿಸಿದ ಮನೆ. ಅದೂ, ಕಡಿಯಾಪಟ್ಟಿಯ 'ಚಿದಂಬರ ವಿಲಾಸ್' ಕೂಡ ಇವತ್ತು ಹೋಟೆಲ್‌ಗಳು. ಗೋಡೆ ನಿಂತಿದೆ, ದೀಪ ಉರಿಯುತ್ತಿದೆ.

ಟಿಕೆಟ್ ತಗೊಂಡು ಇಪ್ಪತ್ತು ನಿಮಿಷ ನೋಡಿ ಬರೋದಕ್ಕೂ ಒಂದು ರಾತ್ರಿ ಉಳಿಯೋದಕ್ಕೂ ವ್ಯತ್ಯಾಸ ಇದೆ. ಉಳಿದವರಿಗಷ್ಟೇ ಮನೆ ಮಧ್ಯಾಹ್ನ ಎರಡಕ್ಕೆ ಹೇಗಿರುತ್ತೆ, ಬೆಳಗಿನ ಜಾವ ಹೇಗಿರುತ್ತೆ ಅಂತ ಗೊತ್ತಾಗೋದು. ದಪ್ಪ ಗೋಡೆ ಬಿಸಿಲನ್ನ ಒಳಗೆ ಬಿಡೋದಕ್ಕೆ ತಡಮಾಡುತ್ತೆ. ಬಿಸಿಗಾಳಿ ಮೇಲೇರಿ ತೆರೆದ ಅಂಗಳದಿಂದ ಹೊರಗೆ ಹೋಗುತ್ತೆ. ಮುಂಬಾಗಿಲಿಂದ ಹಿತ್ತಿಲವರೆಗೆ ಬಾಗಿಲುಗಳೆಲ್ಲ ಒಂದೇ ನೇರಕ್ಕಿರೋದ್ರಿಂದ ಗಾಳಿ ಆಡುತ್ತೆ. ಇಳಿಜಾರು ಮಾಡಿನ ಮಳೆನೀರು ಅಂಗಳಕ್ಕೇ ಬೀಳುತ್ತೆ. ಸುಣ್ಣದ ಗಾರೆಗೆ ಮೊಟ್ಟೆಯ ಬಿಳಿ ಸೇರಿಸಿ ಉಜ್ಜಿದ ಗೋಡೆ ಇವತ್ತಿಗೂ ನುಣುಪು. ನಾವು ಸೆಮಿಸ್ಟರ್ ಪೂರ್ತಿ ಓದೋ ಹೀಟ್ ಟ್ರಾನ್ಸ್‌ಫರ್ ಇಲ್ಲಿ ಹಾಸಿಗೆಯಲ್ಲಿ ಮಲಗಿದಲ್ಲೇ ಅರ್ಥ ಆಗುತ್ತೆ.

ಇನ್ನೊಂದು ಲಾಭ ಕಣ್ಣಿಗೆ ಬೇಗ ಬೀಳಲ್ಲ. ಆತ್ತಂಗುಡಿ ಟೈಲನ್ನ ಗೂಡಿನಲ್ಲಿ ಸುಡೋದಿಲ್ಲ. ಗಾಜಿನ ಮೇಲೆ ಅಚ್ಚಿಟ್ಟು, ಬಣ್ಣದ ಸಿಮೆಂಟನ್ನ ಕೈಯಿಂದಲೇ ಸುರಿದು, ಹಿಂದೆ ಮರಳು-ಸಿಮೆಂಟ್ ತುಂಬಿ, ನೀರಲ್ಲಿ ನೆನೆಸಿ ಒಣಗಿಸುತ್ತಾರೆ. ಹೊಳಪು ಕೊಡೋದು ಗಾಜು. ಇಂಥ ಮನೆಗಳು ಬಳಕೆಯಲ್ಲಿದ್ರೆ ಒಡೆದ ಟೈಲಿನ ಜಾಗಕ್ಕೆ ಹೊಸದು ಬೇಕಾಗುತ್ತೆ, ಆ ಕೈಗಳಿಗೆ ಕೆಲಸ ಸಿಗುತ್ತೆ. ಮನೆ ಬಿದ್ದರೆ ಆ ವಿದ್ಯೆಯೂ ಬಿತ್ತು.

ಹಾಗಂತ ಎಲ್ಲಕ್ಕೂ ಜೈ ಅನ್ನೋಕಾಗಲ್ಲ. ಒಂದು ರಾತ್ರಿಯ ಬಾಡಿಗೆ ನಮ್ಮಲ್ಲಿ ಎಷ್ಟೋ ಜನರ ತಿಂಗಳ ಮೆಸ್ ಬಿಲ್ಲನ್ನ ದಾಟುತ್ತೆ. ಊರಿನವರು ಒಳಗೆ ಬರೋದು ತಟ್ಟೆ ಹಿಡಿದು ಮಾತ್ರ ಅನ್ನೋದಾದ್ರೆ ಅದು ಯಾರ ಪರಂಪರೆ? ಮಳೆನೀರು ಹಿಡಿಯೋಕೆ ಕಟ್ಟಿದ ಮನೆಯ ಹಿಂದೆ ಒಣನಾಡಿನಲ್ಲಿ ಈಜುಕೊಳ ತೋಡೋದು ಯಾವ ಜಾಣತನ? ಆದ್ದರಿಂದ ನಮ್ಮ ಮಾತು ಇಷ್ಟು: ಹೋಟೆಲ್ ಆಗಲಿ, ಆದರೆ ವಾರಕ್ಕೊಂದು ದಿನ ಊರಿನವರಿಗೆ, ವಿದ್ಯಾರ್ಥಿಗಳಿಗೆ ಬಾಗಿಲು ತೆರೆದಿರಲಿ. ರಿಪೇರಿ ಕೆಲಸ ಸ್ಥಳೀಯ ಗಾರೆಯವರಿಗೇ ಸಿಗಲಿ. ಹೆರಿಟೇಜ್ ಹೋಟೆಲ್ ಅನ್ನೋ ದರ್ಜೆ ಕೊಡೋ ಸರ್ಕಾರ ಇದನ್ನೂ ಷರತ್ತಿನಲ್ಲಿ ಸೇರಿಸಲಿ.

ಇದು ತಮಿಳುನಾಡಿನ ವಿಷಯ ಅಂತ ಪಕ್ಕಕ್ಕಿಡೋ ಹಾಗಿಲ್ಲ. ನಮ್ಮ ಮಲೆನಾಡಿನ ತೊಟ್ಟಿ ಮನೆ, ಕರಾವಳಿಯ ಗುತ್ತಿನ ಮನೆಗಳದ್ದೂ ಇದೇ ಪಾಡು. ಬೀಳಲಿದ್ದ ಮನೆಗಳನ್ನ ಬಿಚ್ಚಿ ತಂದು ಮಣಿಪಾಲದಲ್ಲಿ ಮತ್ತೆ ಎಬ್ಬಿಸಿದ ವಿಜಯನಾಥ ಶೆಣೈ ಅಂಥವರು ಊರಿಗೊಬ್ಬರು ಸಿಗಲ್ಲ. ನಾಳೆ ಪಾಲುಪತ್ರಕ್ಕೆ ಸಹಿ ಹಾಕೋರು ನಾವೇ. ಮುಂದಿನ ರಜೆಗೆ ಊರಿಗೆ ಹೋದಾಗ ಅಜ್ಜನ ಮನೆಯನ್ನ ಟೇಪ್ ಹಿಡಿದು ಅಳೆದು ಒಂದು ನಕ್ಷೆ ಬರೆಯೋಣ. ಯಾವ ಮರ, ಯಾವ ಗಾರೆ, ಕಟ್ಟಿದವರು ಯಾರು ಅಂತ ಹಿರಿಯರನ್ನ ಕೇಳಿ ಬರೆದಿಡೋಣ. ಮಾರೋದೋ, ಹೋಟೆಲ್ ಮಾಡೋದೋ, ಉಳಿಸಿಕೊಳ್ಳೋದೋ, ಆಮೇಲೆ ಮಾತಾಡೋಣ. ಏನು ಕಳ್ಕೋತೀವಿ ಅನ್ನೋದಾದ್ರೂ ಮೊದಲು ಗೊತ್ತಿರಲಿ.