ಒಂದು ನೊಗ, ಎರಡು ಮನೆ

ಚಿಕ್ಕಮಗಳೂರು ಅಂದ ತಕ್ಷಣ ಆಫೀಸಿನಲ್ಲಿ ಎಲ್ಲರೂ ಕೇಳೋದು ಒಂದೇ ಪ್ರಶ್ನೆ: 'ಕಾಫಿ ತೋಟ ಇದೆಯಾ?' ಇಲ್ಲ ಕಣ್ರೀ. ನಮ್ಮದು ಅದೇ ಜಿಲ್ಲೆಯ ಬಯಲು ಸೀಮೆ, ಅಜ್ಜಂಪುರದ ಕಡೆ. ರಾಗಿ, ಈರುಳ್ಳಿ, ಮತ್ತೆ ದನ. ದನ ಅಂದರೆ ಸುಮ್ಮನೆ ದನ ಅಲ್ಲ, ಅಮೃತ ಮಹಲ್.

ಮೈಸೂರಿನ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ 'ಬೆಣ್ಣೆ ಚಾವಡಿ' ಅಂತ ಇದ್ದ ಇಲಾಖೆಗೆ ಆಮೇಲೆ ಟಿಪ್ಪು ಇಟ್ಟ ಹೆಸರು ಅಮೃತ ಮಹಲ್. ಹೆಸರು ಕೇಳಿದರೆ ಹಾಲಿನ ಹೊಳೆ ಹರಿಯಬೇಕು. ಆದರೆ ಈ ಹಸುಗಳು ಕರೆಯೋದು ತೀರಾ ಕಡಿಮೆ. ಈ ತಳಿಯ ಹೆಸರು ಉಳಿದಿದ್ದೇ ಎತ್ತುಗಳಿಂದ. ಸೈನ್ಯದ ಸಾಮಾನು, ಫಿರಂಗಿ ಎಳೆದ ಎತ್ತುಗಳು ಇವು. ಇವುಗಳ ಮೇವಿಗೆ ಅಂತಲೇ ಬಿಟ್ಟ ಹುಲ್ಲುಗಾವಲುಗಳೇ ಕಾವಲು. ಮಳೆಗಾಲಕ್ಕೊಂದು, ಚಳಿಗಾಲಕ್ಕೊಂದು, ಬೇಸಿಗೆಗೊಂದು ಅಂತ ಹಿಂದೆ ಕಾವಲುಗಳನ್ನು ಬೇರೆ ಬೇರೆ ಮಾಡಿದ್ದರು. ಅಜ್ಜಂಪುರದಲ್ಲಿ ಸರ್ಕಾರದ ತಳಿ ಸಂವರ್ಧನಾ ಕೇಂದ್ರ ಈಗಲೂ ಇದೆ.

ನಮ್ಮಜ್ಜ ಕಾವಲಿನಲ್ಲಿ ದನ ಕಾಯುತ್ತಿದ್ದರು. ಬೆಳಗ್ಗೆ ಹೋದರೆ ಸಂಜೆ ದನಗಳನ್ನು ಎಣಿಸಿ ದೊಡ್ಡಿಗೆ ಕೂಡಿದ ಮೇಲೇ ಮನೆ. ಒಂದು ಕಮ್ಮಿ ಆದರೂ ಕತ್ತಲಲ್ಲಿ ಬ್ಯಾಟರಿ ಹಿಡಿದು ವಾಪಸ್. ಅಷ್ಟೊಂದು ದನ ಕಾಯುತ್ತಿದ್ದ ಮನುಷ್ಯನ ಸ್ವಂತ ಕೊಟ್ಟಿಗೆಯಲ್ಲಿ ಇದ್ದದ್ದು ಮಾತ್ರ ಒಂದೇ ಎತ್ತು. ಜೋಡಿ ಸಾಕೋ ಶಕ್ತಿ ನಮಗಿರಲಿಲ್ಲ.

ಪಕ್ಕದ ಮನೆಯವರ ಹತ್ತಿರವೂ ಒಂದೇ ಎತ್ತು. ಹಾಗಾಗಿ ಎರಡೂ ಸೇರಿ ಒಂದು ಜೋಡಿ. ಒಂದು ದಿನ ನಮ್ಮ ಹೊಲ, ಒಂದು ದಿನ ಅವರದ್ದು. ನೊಗ ನಮ್ಮದು, ನೇಗಿಲು ಅವರದ್ದು. ಕಾಗದವಿಲ್ಲ, ಪತ್ರವಿಲ್ಲ, ಬಾಡಿಗೆಯ ಮಾತೇ ಇಲ್ಲ.

ಹಾಗಂತ ಎರಡು ಮನೆ ಹಾಲು-ಜೇನಿನ ಹಾಗಿತ್ತು ಅಂದ್ಕೋಬೇಡಿ. ನಾನು ಪ್ರೈಮರಿ ಸ್ಕೂಲಿನಲ್ಲಿದ್ದಾಗ ಹೊಲದ ಬದುವಿನ ವಿಷಯಕ್ಕೆ ಜಗಳ ಆಯ್ತು. ಒಂದು ಗೇಣು ಒತ್ತುವರಿ ಅಂತ ಇವರು, ಇಲ್ಲ ಅಂತ ಅವರು. ಮಾತು ಬಿಟ್ಟರು. ಅಜ್ಜಿ ಆಚೆ ಮನೆಗೆ ಹೆಪ್ಪು ಕೊಡೋದನ್ನೂ ನಿಲ್ಲಿಸಿದರು. ನಾಲ್ಕು ತಿಂಗಳು ಹಾಗೇ ಹೋಯ್ತು.

ಆಮೇಲೆ ಮಳೆ ಬಂತು. ಹದ ಯಾರ ಜಗಳಕ್ಕೂ ಕಾಯಲ್ಲವಲ್ಲ, ಎರಡು ದಿನ ಬಿಟ್ಟರೆ ಆರಿ ಹೋಗುತ್ತೆ. ಬೆಳಗ್ಗೆ ಎದ್ದು ನೋಡಿದರೆ ನಮ್ಮ ಜಗಲಿ ಕಂಬಕ್ಕೆ ಅವರ ಎತ್ತು ಕಟ್ಟಿತ್ತು. ಕಟ್ಟಿ ಹೋದವರು ಯಾರು ಅಂತ ಅಜ್ಜ ಕೇಳಲಿಲ್ಲ. ನೊಗ ಹೊತ್ತು ಹೊರಟರು. ಸಂಜೆ ಅಜ್ಜಿ, 'ಎತ್ತು ಬಿಟ್ಟು ಬರುವಾಗ ಈ ಮಜ್ಜಿಗೇನೂ ಕೊಟ್ಟು ಬಾ' ಅಂತ ನನ್ನ ಕೈಗೆ ಚೊಂಬು ಕೊಟ್ಟರು. ಅಷ್ಟೇ ರಾಜಿ. ಬದು ಯಾರದ್ದು ಅನ್ನೋದು ಇವತ್ತಿಗೂ ತೀರ್ಮಾನ ಆಗಿಲ್ಲ!

ಟ್ರಾಕ್ಟರ್ ಬಂದ ಮೇಲೆ ಗಂಟೆಗಿಷ್ಟು ಅಂತ ದುಡ್ಡು ಕೊಟ್ಟರೆ ಮುಗೀತು. ಎರಡೂ ಮನೆಯವರು ಎತ್ತು ಮಾರಿದರು. ನನಗೇನೂ ಬೇಜಾರಿಲ್ಲ. ಅಜ್ಜನ ಬೆನ್ನು ನೋವು ಕಂಡವರು ಯಾರೂ ಟ್ರಾಕ್ಟರನ್ನು ಬೈಯಲ್ಲ. ಆದರೆ ಆ ಮೇಲೆ ಒಂದು ಸಣ್ಣ ಮಾತಿಗೆ ಮತ್ತೆ ಮುನಿಸಾಯ್ತು ನೋಡಿ, ಅದು ವರ್ಷಗಟ್ಟಲೆ ಎಳೀತು. ಯಾಕಂದ್ರೆ ಈ ಸಲ ಮುರಿಯೋಕೆ ನೆಪವೇ ಇರಲಿಲ್ಲ. ಜಗಲಿ ಕಂಬಕ್ಕೆ ತಂದು ಕಟ್ಟೋಕೆ ಏನಿತ್ತು?

ನನ್ನ ಕೆಲಸದಲ್ಲಿ ಡಿಪೆಂಡೆನ್ಸಿ ಅನ್ನೋದು ತಲೆನೋವಿನ ಪದ. ಎಷ್ಟು ಕಡಿಮೆ ಇದ್ದರೆ ಅಷ್ಟು ಒಳ್ಳೇದು. ಕೋಡಿಗೆ ಅದು ಸರಿ. ಬೆಂಗಳೂರಿನ ನನ್ನ ಬಾಡಿಗೆ ಮನೆಗೂ ಅದೇ ಸರಿ ಅಂದುಕೊಂಡು ಬದುಕ್ತಿದ್ದೀವಿ. ಹಾಲು, ತರಕಾರಿ, ಪ್ಲಂಬರ್ ಎಲ್ಲಾ ಆ್ಯಪ್‌ನಲ್ಲೇ ಬರುತ್ತೆ. ಪಕ್ಕದ ಫ್ಲ್ಯಾಟಿನವರ ಜೊತೆ ಜಗಳ ಆಗಲ್ಲ ನಿಜ, ಆದರೆ ಚೊಂಬು ಹಿಡಿದು ಹೋಗೋ ಕೆಲಸವೂ ಇಲ್ಲ.

ಊರಿನ ಕಥೆ ಮಾತ್ರ ಅಲ್ಲಿಗೇ ನಿಲ್ಲಲಿಲ್ಲ. ಅಜ್ಜ ಹೋದ ಮೇಲೆ ಆಚೆ ಮನೆ ಅಣ್ಣ ಆಸೆಪಟ್ಟು ಬೀರೂರಿನ ಹರಾಜಿನಲ್ಲಿ ಒಂದು ಜೊತೆ ಹೋರಿ ಕರು ಹಿಡಿದು ತಂದರು. ಬೂದು ಮೈ, ಹಿಂದಕ್ಕೆ ಬಾಗಿ ಮೇಲೆದ್ದ ಉದ್ದ ಕೊಂಬು. ಸಾಕಿ, ಪಳಗಿಸಿದರು. ಊರಲ್ಲಿ ಈಗ ಉಳಿದಿರೋ ಎತ್ತಿನ ಜೋಡಿಗಳೇ ಬೆರಳೆಣಿಕೆ. ಹಾಗಾಗಿ ಯುಗಾದಿಗೆ ಹೊನ್ನಾರು ಕಟ್ಟೋಕೆ ಅವರ ಜೋಡಿಯೇ ಬೇಕು. ಆದರೆ ಅವರ ಮನೆಯಲ್ಲಿ ನೊಗ ಇಲ್ಲ. ಅದು ನಮ್ಮ ಅಟ್ಟದ ಮೇಲಿದೆ.

ಮೊದಲ ವರ್ಷ ಅವರು ಬಾಗಿಲಲ್ಲಿ ನಿಂತು, 'ನೊಗ ಬೇಕಿತ್ತು' ಅಂದರಂತೆ. ಅಪ್ಪ ಮಾತಾಡದೆ ಏಣಿ ಹಾಕಿದರಂತೆ. ಆಮೇಲೆ ಪ್ರತೀ ಯುಗಾದಿಗೂ ಅದೇ. ನೊಗ ಹೋಗುತ್ತೆ, ಸಂಜೆ ವಾಪಸ್ ಬರುತ್ತೆ, ಜೊತೆಗೊಂದು ಡಬ್ಬಿಯಲ್ಲಿ ಹೋಳಿಗೆ.

ಹೋದ ಸಲ ಊರಿಗೆ ಹೋದಾಗ ಅಪ್ಪನಿಗೆ ಹೇಳಿದೆ: 'ಎತ್ತೇ ಇಲ್ಲದ ಮನೇಲಿ ನೊಗ ಯಾಕಪ್ಪ, ಅಣ್ಣಂಗೇ ಕೊಟ್ಟುಬಿಡಿ.'

ಅಪ್ಪ ಅಟ್ಟದ ಕಡೆ ನೋಡಿ ಅಂದರು: 'ಕೊಟ್ರೆ ಅವ್ನು ಮತ್ತೆ ಯಾವುದಕ್ಕೆ ಬರ್ತಾನೆ?'