ಕೊಯ್ನಾ ಭೂಕಂಪ: ಕಾರಣ ಮತ್ತು ಹೊಣೆ

1967ರ ಡಿಸೆಂಬರ್ 11ರ ನಸುಕಿನಲ್ಲಿ, ಜನರಿನ್ನೂ ನಿದ್ರೆಯಲ್ಲಿದ್ದಾಗ, ಮಹಾರಾಷ್ಟ್ರದ ಸಹ್ಯಾದ್ರಿಯ ಮಡಿಲಲ್ಲಿರುವ ಕೊಯ್ನಾನಗರದಲ್ಲಿ 6.3 ಪರಿಮಾಣದ ಭೂಕಂಪ ಸಂಭವಿಸಿತು. ಸುಮಾರು 180 ಮಂದಿ ಮೃತಪಟ್ಟರು. ಎರಡು ಸಾವಿರಕ್ಕೂ ಹೆಚ್ಚು ಜನ ಗಾಯಗೊಂಡರು. 103 ಮೀಟರ್ ಎತ್ತರದ ಅಣೆಕಟ್ಟೆಯಲ್ಲೂ ಬಿರುಕುಗಳು ಮೂಡಿದವು. ದಖನ್ ಪ್ರಸ್ಥಭೂಮಿಯನ್ನು ಅಲ್ಲಿಯವರೆಗೆ ಭೂಕಂಪದ ಭಯವಿಲ್ಲದ ಗಟ್ಟಿ ನೆಲವೆಂದೇ ಎಣಿಸಲಾಗಿತ್ತು.

ಕಾರಣ ಕುರಿತ ವಾಗ್ವಾದ ಅಂದೇ ಆರಂಭವಾಯಿತು. ಇದು ಕೇವಲ ನಿಸರ್ಗದ ಕೃತ್ಯ, ಅಣೆಕಟ್ಟೆಗೂ ಇದಕ್ಕೂ ಸಂಬಂಧವಿಲ್ಲ ಎಂಬುದು ಒಂದು ವಾದ. ಜಲಾಶಯದ ಭಾರವೇ ನೆಲವನ್ನು ಒಡೆಯಿತು ಎಂಬುದು ಇನ್ನೊಂದು. ಎರಡೂ ಅರ್ಧಸತ್ಯಗಳು.

ಭಾರತದ ಭೂಫಲಕ ಉತ್ತರಕ್ಕೆ ಸರಿಯುತ್ತ ಏಷ್ಯಾವನ್ನು ಒತ್ತುತ್ತಿದೆ. ಆ ಒತ್ತಡ ಪರ್ಯಾಯದ್ವೀಪದ ಆಳದಲ್ಲಿರುವ ಹಳೆಯ ಸ್ತರಭಂಗಗಳಲ್ಲೂ ಸಂಚಯವಾಗುತ್ತದೆ. ಇದರ ಮುಂದೆ ಜಲಾಶಯದ ಭಾರ ಅಲ್ಪ. ಆದರೆ ನೀರು ಭಾರ ಹೇರಿ ಸುಮ್ಮನಿರುವುದಿಲ್ಲ. ಬಂಡೆಯ ಸೀಳುಗಳಲ್ಲಿ ಇಳಿಯುತ್ತದೆ. ಅಲ್ಲಿ ನೀರಿನ ಒತ್ತಡ ಏರಿದಂತೆ ಬಂಡೆಗಳನ್ನು ಹಿಡಿದಿಟ್ಟಿರುವ ಘರ್ಷಣೆ ಕುಗ್ಗುತ್ತದೆ. ಮಳೆಗಾಲದಲ್ಲಿ ಧರೆ ಕುಸಿಯುವುದನ್ನು ಕಂಡ ಮಲೆನಾಡಿಗರಿಗೆ ಈ ತತ್ತ್ವ ಹೊಸದಲ್ಲ. ಅಲ್ಲಿಯೂ ಜಾರಿಸುವ ಬಲ ಇಳಿಜಾರಿನದು, ಹಿಡಿತ ಸಡಿಲಿಸುವುದು ಒಳಗಿಳಿದ ನೀರು.

ಕೊಯ್ನಾದ ಪುರಾವೆಗಳೂ ಇದನ್ನೇ ಸೂಚಿಸುತ್ತವೆ. 1962ರಲ್ಲಿ ನೀರು ತುಂಬತೊಡಗಿದ ಮೇಲೆ ಕಂಪನಗಳು ಅನುಭವಕ್ಕೆ ಬಂದವು. ಅಲ್ಲಿ ಮಳೆಗಾಲದ ನಂತರ, ಜಲಾಶಯ ತುಂಬಿದಾಗ, ಕಂಪನಗಳು ಹೆಚ್ಚುವುದನ್ನು ವಿಜ್ಞಾನಿಗಳು ಗುರುತಿಸಿದ್ದಾರೆ. 1985ರಿಂದ ಸಮೀಪದ ವಾರಣಾ ಜಲಾಶಯ ತುಂಬತೊಡಗಿದ ಮೇಲೆ ಕಂಪನದ ವಲಯ ಅತ್ತಲೂ ಹಬ್ಬಿತು. ಚೀನಾದ ಶಿನ್‌ಫೆಂಗ್‌ಜಿಯಾಂಗ್ (1962), ಆಫ್ರಿಕಾದ ಕರೀಬಾ (1963), ಗ್ರೀಸಿನ ಕ್ರೆಮಾಸ್ತಾ (1966) ಜಲಾಶಯಗಳ ಬಳಿಯೂ ಇಂಥ ಭೂಕಂಪಗಳಾಗಿದ್ದವು.

ಹಾಗೆಂದು ಪ್ರತಿ ಅಣೆಕಟ್ಟೆಯೂ ಭೂಕಂಪ ತರುವುದಿಲ್ಲ. ಅದೇ ದಶಕದಲ್ಲಿ ಶರಾವತಿಗೆ ಕಟ್ಟಿದ ಲಿಂಗನಮಕ್ಕಿಯಲ್ಲಿ ಕೊಯ್ನಾದಂಥ ದುರಂತ ನಡೆದಿಲ್ಲ. ಕುಸಿಯುವ ಅಂಚಿನಲ್ಲಿರುವ ಸ್ತರಭಂಗ ಕೆಳಗಿದ್ದರೆ ಮಾತ್ರ ನೀರು ಕಿಡಿಯಾಗುತ್ತದೆ. ಆ ಸ್ಥಿತಿಯನ್ನು ಮೇಲಿನಿಂದ ನೋಡಿ ಹೇಳಲಾಗದು. ಕೊಯ್ನಾದಲ್ಲಿ ಬಸಾಲ್ಟ್ ಪದರವನ್ನು ದಾಟಿ 3 ಕಿಲೋಮೀಟರ್ ಆಳದ ಪ್ರಾಯೋಗಿಕ ಕೊಳವೆ ಕೊರೆದು ಮುಗಿಸಿದ್ದು 2017ರಲ್ಲಿ, ದುರಂತವಾಗಿ ಅರ್ಧ ಶತಮಾನದ ಮೇಲೆ.

"ಇಂದಲ್ಲದಿದ್ದರೆ ಎಂದಾದರೂ ಆಗುತ್ತಿತ್ತು" ಎಂಬ ಸಮಾಧಾನ ಇಲ್ಲಿ ಸಲ್ಲದು. 1967ರ ಸೆಪ್ಟೆಂಬರ್‌ನಲ್ಲಿ ಅಲ್ಲಿ 5ನ್ನು ಮೀರಿದ ಕಂಪನವಾಗಿತ್ತು. ಮೂರು ತಿಂಗಳ ನಂತರವೂ ಜನ ಅದೇ ದುರ್ಬಲ ಗೋಡೆಗಳ ನಡುವೆ ಮಲಗಿದ್ದರು. ಒತ್ತಡ ನೆಲದ್ದಾದರೂ, ನೀರು ತುಂಬಿಸುವ ತೀರ್ಮಾನ ಮನುಷ್ಯರದು. ಆದ್ದರಿಂದ ಹೊಣೆಯೂ ಅವರದೇ.

ಬೆಟ್ಟಸೀಮೆಯ ಯಾವುದೇ ದೊಡ್ಡ ಜಲಾಶಯಕ್ಕೆ ಅನುಮತಿ ನೀಡುವ ವರ್ಷಗಳ ಮೊದಲೇ ಅಲ್ಲಿ ಭೂಕಂಪಮಾಪಕಗಳು ನಿಲ್ಲಬೇಕು. ಅವುಗಳ ದಾಖಲೆ ಕಡತದಲ್ಲಿ ಉಳಿಯದೆ ಪಂಚಾಯತಿಯ ಫಲಕದಲ್ಲಿ, ಜನರ ಭಾಷೆಯಲ್ಲಿ ಕಾಣಬೇಕು. ಸುತ್ತಲಿನ ಮನೆ, ಶಾಲೆಗಳನ್ನು ಭದ್ರಪಡಿಸುವ ವೆಚ್ಚವನ್ನೂ ಯೋಜನೆಯ ಲೆಕ್ಕಕ್ಕೇ ಸೇರಿಸಬೇಕು. ಇಷ್ಟನ್ನು ಭರಿಸಲಾಗದ ಯೋಜನೆ ಲಾಭದಾಯಕವೆಂದು ಯಾರೂ ಹೇಳಲಾಗದು.