ಆಟಗಾರರ ಚಿತ್ರಕ್ಕೆ ಬೆಲೆ ಬರುವ ಬಗೆ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲೂಕುಗಳ ಯಾವ ಊರಿಗಾದರೂ ಹೋಗಿ, ಮೂವತ್ತು ವರ್ಷಗಳ ಹಿಂದೆ ಹುಡುಗರಾಗಿದ್ದವರನ್ನು ಮಾತಿಗೆಳೆದು ನೋಡಿ. ಬಬ್ಬಲ್‌ಗಮ್ಮಿನ ಜೊತೆಯಲ್ಲಿ ದೊರೆಯುತ್ತಿದ್ದ ಕ್ರಿಕೆಟ್ ಆಟಗಾರರ ಚಿತ್ರದ ಕಾರ್ಡುಗಳ ನೆನಪು ಹಲವರಲ್ಲಿ ಇನ್ನೂ ಹಸಿರಾಗಿರುತ್ತದೆ. ಗಮ್ಮು ಒಂದು ನೆಪ, ಬೇಕಾಗಿದ್ದುದು ಚಿತ್ರ. ಪೆಟ್ಟಿಗೆ ಅಂಗಡಿಯ ಮುಂದೆಯೇ ಪೊಟ್ಟಣ ಬಿಚ್ಚುವುದು, ಇದ್ದವನೇ ಮತ್ತೊಮ್ಮೆ ಬಂದರೆ ಮುಖ ಸಪ್ಪಗೆ ಮಾಡಿಕೊಳ್ಳುವುದು, ಪಕ್ಕದ ಬೀದಿಯ ಹುಡುಗನ ಬಳಿ ಹೋಗಿ “ಎರಡು ಕೊಡ್ತೀನಿ, ಅದೊಂದು ಕೊಡೋ” ಎಂದು ಅಂಗಲಾಚುವುದು. ಈ ವ್ಯವಹಾರದ ಅರ್ಧ ಶಾಸ್ತ್ರವೆಲ್ಲ ಆ ಚೌಕಾಶಿಯಲ್ಲಿಯೇ ಅಡಗಿದೆ.

ಆ ಡಬ್ಬಿಗಳು ಎಷ್ಟೋ ಮನೆಗಳಲ್ಲಿ ಈಗಲೂ ಅಟ್ಟದ ಮೇಲಿವೆ. ಸುಣ್ಣಬಣ್ಣದ ಕಾಲದಲ್ಲಿ ಕೆಳಗಿಳಿದು, ಹಳೆಯ ಪತ್ರಿಕೆಗಳೊಂದಿಗೆ ಗುಜರಿಯವನ ತಕ್ಕಡಿ ಸೇರುತ್ತವೆ. ಹಾಗೆ ಸೇರುವ ಮುನ್ನ, ಇಂಥ ತುಂಡು ರಟ್ಟು ಸಂಗ್ರಾಹಕರ ಕಣ್ಣಿಗೆ ನಿಧಿಯಾಗುವುದು ಹೇಗೆ ಎಂಬುದನ್ನು ವಾಚಕರು ತಿಳಿದಿರುವುದು ಒಳಿತು.

ಆಟಗಾರನು ದೊಡ್ಡವನಾದರೆ ಕಾರ್ಡಿಗೂ ದೊಡ್ಡ ಬೆಲೆ ಎಂದು ಮೊದಲ ನೋಟಕ್ಕೆ ತೋರುತ್ತದೆ. ಅದು ಅರ್ಧ ಸತ್ಯ ಮಾತ್ರ. ಅಂಕಿಗಳನ್ನು ಹೋಲಿಸಿ ಆಡುವ ಟ್ರಂಪ್ ಕಾರ್ಡಿನಾಟದಲ್ಲಿ ಹೆಚ್ಚು ರನ್ನಿನವನದೇ ಗೆಲುವು. ನಮ್ಮ ಮೈಸೂರಿನ ಬಿ. ಎಸ್. ಚಂದ್ರಶೇಖರರು 58 ಟೆಸ್ಟುಗಳಲ್ಲಿ ಪಡೆದ ವಿಕೆಟ್ 242, ಹೊಡೆದ ರನ್ 167! ಬ್ಯಾಟಿಂಗಿನ ಲೆಕ್ಕ ಕೇಳಿದರೆ ಅಂಥವರ ಕಾರ್ಡು ಕೈಬಿಟ್ಟಿತೆಂದೇ ಅರ್ಥ. ಸಂಗ್ರಾಹಕನ ಮಟ್ಟಿಗಾದರೋ ಈ ವಿಚಿತ್ರವೇ ಒಂದು ಆಕರ್ಷಣೆ. ಅವನ ಆಟದ ನಿಯಮಗಳೇ ಬೇರೆ.

ಈ ಹವ್ಯಾಸದ ತವರು ಸಿಗರೇಟಿನ ಪೊಟ್ಟಣ. ಪೊಟ್ಟಣ ಮುದುರದಿರಲೆಂದು ಒಳಗಿಡುತ್ತಿದ್ದ ರಟ್ಟಿನ ಮೇಲೆ ಚಿತ್ರ ಅಚ್ಚು ಹಾಕಿಸಿದರೆ ಗಿರಾಕಿಗಳು ಹೆಚ್ಚುವರೆಂದು ಹತ್ತೊಂಬತ್ತನೆಯ ಶತಮಾನದ ವ್ಯಾಪಾರಿಗಳು ಕಂಡುಕೊಂಡರು. ಇಂಗ್ಲೆಂಡಿನಲ್ಲಿ ನಮ್ಮ ರಣಜಿತ್ ಸಿಂಹಜಿಯವರ ಚಿತ್ರವೂ ಹೀಗೆ ಹೊಗೆಬತ್ತಿಯ ಜೊತೆಯಲ್ಲಿ ಮನೆಮನೆಗೆ ಹೋಯಿತು. ಅಮೆರಿಕದಲ್ಲಿ 1909ರಿಂದ 1911ರವರೆಗೆ ಹೊರಬಂದ ಬೇಸ್‌ಬಾಲ್ ಮಾಲೆಯಲ್ಲಿ ಐನೂರಕ್ಕೂ ಹೆಚ್ಚು ಚಿತ್ರಗಳಿದ್ದವು. ಅವುಗಳಲ್ಲಿ ಪಿಟ್ಸ್‌ಬರ್ಗ್ ತಂಡದ ಹೋನಸ್ ವ್ಯಾಗ್ನರನ ಚಿತ್ರದ ಅಚ್ಚು ಬೇಗನೆ ನಿಂತುಹೋಯಿತು. ಮಕ್ಕಳು ತನ್ನ ಚಿತ್ರಕ್ಕಾಗಿ ತಂಬಾಕು ಕೊಳ್ಳುವುದು ಅವನಿಗೆ ಒಪ್ಪಿಗೆಯಾಗಲಿಲ್ಲವೆಂದು ಕೆಲವರು ಹೇಳುತ್ತಾರೆ; ಕಂಪನಿಯವರು ಹಣ ಕೊಡಲಿಲ್ಲವೆಂದು ಮತ್ತೆ ಕೆಲವರು. ಅವನೇ ತಂಬಾಕು ಅಗಿಯುತ್ತಿದ್ದವನಾದುದರಿಂದ ಎರಡನೆಯ ಮಾತನ್ನೂ ತಳ್ಳಿಹಾಕುವಂತಿಲ್ಲ. ಅಂತೂ ಉಳಿದುಬಂದಿರುವುದು ಐವತ್ತು ಅರವತ್ತು ಪ್ರತಿಗಳು. 2022ರಲ್ಲಿ ಅವುಗಳಲ್ಲೊಂದು 72.5 ಲಕ್ಷ ಡಾಲರುಗಳಿಗೆ, ಎಂದರೆ 57 ಕೋಟಿ ರೂಪಾಯಿಗೂ ಮೀರಿ, ಮಾರಾಟವಾಯಿತು.

ಇದಕ್ಕಿಂತ ಸೋಜಿಗದ್ದು ಮಿಕಿ ಮ್ಯಾಂಟಲನ ಕಥೆ. 1952ರಲ್ಲಿ ಟಾಪ್ಸ್ ಎಂಬ ಗಮ್ಮಿನ ಕಂಪನಿ ಹೊರತಂದ ಅವನ ಕಾರ್ಡು ಅವನ ಮೊದಲ ಕಾರ್ಡೂ ಅಲ್ಲ; ಹಿಂದಿನ ವರ್ಷವೇ ಬೇರೊಂದು ಕಂಪನಿ ಅವನ ಚಿತ್ರ ಹಾಕಿತ್ತು. ಟಾಪ್ಸಿನ ಕಾರ್ಡು ಆಟದ ಋತು ಮುಗಿಯುವ ಹೊತ್ತಿಗೆ ಅಂಗಡಿಗೆ ಬಂದುದರಿಂದ ಬಿಕರಿಯಾಗದೆ ಉಳಿಯಿತು. ಗೋದಾಮಿನಲ್ಲಿ ಜಾಗ ಸಾಲದೆ, 1960ರಲ್ಲಿ ಕಂಪನಿಯವರು ಆ ಮಾಲೆಯ ಪೆಟ್ಟಿಗೆಗಳನ್ನು ದೋಣಿಗೆ ತುಂಬಿಸಿ ಅಟ್ಲಾಂಟಿಕ್ ಸಾಗರಕ್ಕೆ ಸುರಿಸಿದರು. ಸಮುದ್ರಪಾಲಾಗದೆ ಉಳಿದ ಪ್ರತಿಗಳಲ್ಲಿ ಒಂದಕ್ಕೆ 2022ರ ಆಗಸ್ಟಿನ ಹರಾಜಿನಲ್ಲಿ ಬಂದ ಬೆಲೆ 1 ಕೋಟಿ 26 ಲಕ್ಷ ಡಾಲರು. ನಮ್ಮ ಲೆಕ್ಕದಲ್ಲಿ ಸುಮಾರು 100 ಕೋಟಿ ರೂಪಾಯಿ. ಅದೇ ಪ್ರತಿಯನ್ನು ಮಾರಿದವರು 1991ರಲ್ಲಿ ಕೊಂಡದ್ದು 50,000 ಡಾಲರುಗಳಿಗೆ.

ಹೀಗೆ, ಒಂದು ಕಾಲಕ್ಕೆ ಮಕ್ಕಳೆಲ್ಲ ಬಯಸಿ, ದೊಡ್ಡವರೆಲ್ಲ ಎಸೆದ ವಸ್ತುವಿಗೇ ಈ ಭಾಗ್ಯ. ಯಾರೂ ಬಯಸದ ಅಪರೂಪಕ್ಕೆ ಬೆಲೆಯಿಲ್ಲ. ಎಲ್ಲರೂ ಜೋಪಾನ ಮಾಡಿದ ಜನಪ್ರಿಯತೆಗೂ ಇಲ್ಲ. ಮಗನ ಡಬ್ಬಿಯನ್ನು ಬರಿದುಮಾಡಿದ ತಾಯಂದಿರೇ, ತಿಳಿಯದೆ, ಪಕ್ಕದ ಮನೆಯ ಡಬ್ಬಿಗೆ ಬೆಲೆ ತಂದರೆನ್ನಬೇಕು.

ಅಪರೂಪದ ಮೇಲೆ ಬರುವುದು ಸ್ಥಿತಿ. ಮೂಲೆ ಮೊಂಡಾಗಿರಬಾರದು, ನಡುವೆ ಮಡಿಕೆ ಬಿದ್ದಿರಬಾರದು, ಚಿತ್ರದ ಸುತ್ತಣ ಅಂಚು ನಾಲ್ಕೂ ಕಡೆ ಸಮನಾಗಿರಬೇಕು. ಇದನ್ನು ಅಳೆದು ಅಂಕ ಕೊಡುವ ಸಂಸ್ಥೆಗಳೇ ಅಮೆರಿಕದಲ್ಲಿವೆ. ಇಲ್ಲಿಯೇ ಮೋಸಕ್ಕೂ ದಾರಿ. ವ್ಯಾಗ್ನರನ ಅತ್ಯಂತ ಪ್ರಸಿದ್ಧವಾದ ಪ್ರತಿಯೊಂದು 2007ರಲ್ಲಿ 28 ಲಕ್ಷ ಡಾಲರುಗಳಿಗೆ ಹೋಯಿತು. ಅದರ ಅಂಚನ್ನು ತಾನೇ ಕತ್ತರಿಸಿ ನೇರ್ಪಡಿಸಿದ್ದೆನೆಂದು ಬಿಲ್ ಮ್ಯಾಸ್ಟ್ರೋ ಎಂಬ ವ್ಯಾಪಾರಿ 2013ರಲ್ಲಿ ನ್ಯಾಯಾಲಯದಲ್ಲಿ ಒಪ್ಪಿಕೊಂಡ! ಹುಟ್ಟಿದಂತೆಯೇ ಇರುವ ಸವೆದ ಕಾರ್ಡು, ಸಿಂಗರಿಸಿದ ಕಾರ್ಡಿಗಿಂತ ಗೌರವದ್ದು.

ಈಚೆಗೆ ಅಪರೂಪವನ್ನೇ ಕಾರ್ಖಾನೆಯಲ್ಲಿ ತಯಾರಿಸುತ್ತಾರೆ. ಮೈಕೆಲ್ ಜೋರ್ಡಾನ್, ಕೋಬಿ ಬ್ರಯಂಟ್ ಇಬ್ಬರ ರುಜುವೂ ಇದ್ದು, ಒಂದೇ ಒಂದು ಪ್ರತಿಯಾಗಿ ಹೊರಬಂದ ಬ್ಯಾಸ್ಕೆಟ್‌ಬಾಲ್ ಕಾರ್ಡು 2025ರ ಆಗಸ್ಟಿನಲ್ಲಿ ಮ್ಯಾಂಟಲನ ದಾಖಲೆಯನ್ನೂ ಮುರಿಯಿತು. ನಮ್ಮಲ್ಲಿ ಐ.ಪಿ.ಎಲ್. ಬಂದ ಮೇಲೆ ಮಕ್ಕಳ ಕೈ ಸೇರಿದ ಕ್ರಿಕೆಟ್ ಅಟ್ಯಾಕ್ಸ್ ಕಾರ್ಡುಗಳಲ್ಲಿಯೂ ಹೊಳೆಯುವ ‘ವಿಶೇಷ’ಗಳಿದ್ದವು. ಅದು ಬರಲೆಂದು ಪೊಟ್ಟಣದ ಮೇಲೆ ಪೊಟ್ಟಣ ಕೊಳ್ಳುವುದು ನನ್ನ ದೃಷ್ಟಿಯಲ್ಲಿ ಸಂಗ್ರಹವಲ್ಲ, ಲಾಟರಿ. ಮನೆಯ ಹಿರಿಯರು ಇಲ್ಲಿ ಒಂದಿಷ್ಟು ಬಿಗಿಯಾಗಿಯೇ ಇರಬೇಕು.

ಇನ್ನು ನಮ್ಮ ಅಟ್ಟದ ಡಬ್ಬಿಯ ವಿಚಾರ. ಕೋಟಿಯ ಕನಸು ಖಂಡಿತ ಬೇಡ. ಆದರೆ ಕೆಲವರಿಗಾದರೂ ಬೇಕಾದ ವಸ್ತು ಅದು. ಇಡೀ ಮಾಲೆ ಕೂಡಿಬಂದಿದ್ದರಂತೂ ಬಿಡಬಾರದು. ಮಲೆನಾಡಿನಂತೆ ಕಾಗದಕ್ಕೆ ಬೂಷ್ಟು ಹಿಡಿಸುವ ತೇವ ಈ ಬಯಲುಸೀಮೆಯಲ್ಲಿ ಕಡಿಮೆ, ಶತ್ರು ಗೆದ್ದಲು. ಆದುದರಿಂದ ಮಣ್ಣುಗೋಡೆಗೆ ತಾಗದಂತೆ ತಗಡಿನ ಡಬ್ಬಿಯಲ್ಲಿಡಿ. ನೋಟುಬುಕ್ಕಿಗೆ ಅಂಟಿಸಿದ್ದನ್ನು ನೀರು ಹಾಕಿ ಬಿಡಿಸಲು ಹೋಗಬೇಡಿ, ಪುಟ ಸಹಿತ ಹಾಗೆಯೇ ಇರಲಿ. ಲ್ಯಾಮಿನೇಷನ್ ಮಾಡಿಸಬೇಡಿ; ಕತ್ತರಿಯನ್ನು ದೂರವಿಡಿ. ಬೆನ್ನಿನ ಮೇಲೆ ಹುಡುಗನೊಬ್ಬ ಇಂಕಿನಲ್ಲಿ ತನ್ನ ಹೆಸರು, ತರಗತಿ, ‘ಬಿ ಸೆಕ್ಷನ್’ ಎಂದು ಬರೆದಿದ್ದರೆ ಸಂಗ್ರಾಹಕನು ಬೆಲೆ ತಗ್ಗಿಸುತ್ತಾನೆ, ನಿಜ. ಅದನ್ನು ರಬ್ಬರಿನಿಂದ ಉಜ್ಜಿದರೆ ಇನ್ನೂ ತಗ್ಗಿಸುತ್ತಾನೆ.